ಮೊಣಕೈ ಒಳನೋವಿಗೆ ಡಂಬೆಲ್ ಮತ್ತು ಸುತ್ತಿಗೆ: ನನ್ನ ಅನುಭವ

"ಸುಮ್ನೆ ರೆಸ್ಟ್ ತಗೋ, ತಾನಾಗೇ ಹೋಗುತ್ತೆ" ಎಂದವರೇ ಜಾಸ್ತಿ. ಬಂಡೆ ಹತ್ತುವ ಕ್ಲೈಂಬಿಂಗನ್ನೇ ಬಿಟ್ಟುಬಿಡು ಎಂದವರೂ ಇದ್ದರು. ಕಳೆದ ಚಳಿಗಾಲ ಬಾದಾಮಿಯಲ್ಲಿ ನಾಲ್ಕೈದು ದಿನ ಬಿಡದೆ ಹತ್ತಿ ಬಂದೆ. ಮೊಣಕೈ ತುಟಿ ಪಿಟಕ್ಕೆನ್ನಲಿಲ್ಲ.

ಬಂಡೆ ಹತ್ತುವವರಿಗೆ ಈ ನೋವು ಗೊತ್ತೇ ಇರುತ್ತದೆ. ಮೊಣಕೈ ಒಳಬದಿಯ ಮೂಳೆ, ಅದರಿಂದ ಅರ್ಧ ಬೆರಳು ಕೆಳಗೆ ಒತ್ತಿದರೆ ಜೀವ ಹೋಗುತ್ತದೆ. ನನಗೆ ಸ್ನಾನಕ್ಕೆ ಚೊಂಬು ಎತ್ತಿದರೂ ಚುಳುಕ್ ಅನ್ನುತ್ತಿತ್ತು.

ಮೊದಲ ವರ್ಷ ಬರೀ ಖರ್ಚು. ನೋವಿನ ಮಾತ್ರೆ, ಐಸು, ಐನೂರು ರೂಪಾಯಿಯ ಮೊಣಕೈ ಬೆಲ್ಟ್. ಅಲ್ಟ್ರಾಸೌಂಡ್ ಮೆಷಿನ್ ಇಡಿಸಿಕೊಂಡಿದ್ದಕ್ಕೆ ಪ್ರತಿ ಸಲ ಆರುನೂರು. ಕೊನೆಗೆ ಸ್ಟೆರಾಯ್ಡ್ ಇಂಜೆಕ್ಷನ್. ಒಂದೂವರೆ ತಿಂಗಳು ಆರಾಮಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ನೋವು. ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ಎರಡು ತಿಂಗಳು ಬಂಡೆ ಮುಟ್ಟದೆಯೂ ನೋಡಿದೆ. ರಾಮನಗರದಲ್ಲಿ ಹತ್ತಿದ ಮೊದಲ ದಿನವೇ ನೋವು ಹಾಜರ್. ಹಳೆಯ ನೋವಿನಲ್ಲಿ ಊತಕ್ಕಿಂತ ಟೆಂಡನ್ನಿನ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನ, ಎಳೆಗಳು ಹದಗೆಟ್ಟಿರುವುದೇ ದೊಡ್ಡದು. ಅವಕ್ಕೆ ಬೇಕಾದದ್ದು ಅಳತೆಯ ಭಾರ.

ಅಂಗೈ ಮೇಲೆ ಮಾಡಿ, ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಾಚೆ ಬಿಡುತ್ತೇನೆ. ಡಂಬೆಲ್ ಎತ್ತುವುದು ಇನ್ನೊಂದು ಕೈ. ನೋವಿರುವ ಕೈ ನಾಲ್ಕು ಎಣಿಸುತ್ತಾ ಇಳಿಸುತ್ತದೆ, ಅಷ್ಟೇ. ಹದಿನೈದರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಎರಡು ಕೆಜಿಯಿಂದ ಶುರು ಮಾಡಿ ಏಳೆಂಟಕ್ಕೆ ಬಂದೆ.

ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಮುಂಗೈ ತಿರುಗಿಸುವ ಸ್ನಾಯುವಿನ ಟೆಂಡನ್ ಕೂಡ ಅಲ್ಲೇ ಬಂದು ಸೇರುತ್ತದಲ್ವಾ? ಅದಕ್ಕೆ ಮನೆಯ ಸುತ್ತಿಗೆ. ಹಿಡಿಯ ತುದಿ ಹಿಡಿದು, ಸುತ್ತಿಗೆಯ ತಲೆ ಮೇಲಿರುವಂತೆ ನಿಲ್ಲಿಸಿ, ಅಂಗೈ ಮೇಲಾಗುವವರೆಗೆ ನಿಧಾನಕ್ಕೆ ಹೊರಗೆ ವಾಲಿಸುವುದು. ವಾಪಸ್ ಎತ್ತಲು ಮತ್ತೆ ಇನ್ನೊಂದು ಕೈ. ನನ್ನ ಪ್ರಕಾರ ಅರ್ಧ ಮದ್ದು ಇದೇ.

ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವಿದ್ದರೆ ಇರಲಿ. ಮಾರನೆಯ ಬೆಳಿಗ್ಗೆ ಏರಿದ್ದರೆ ತೂಕ ಇಳಿಸಿ. ಮೊದಲ ಒಂದೂವರೆ ತಿಂಗಳು ಏನೂ ಗೊತ್ತಾಗಲಿಲ್ಲ. ನಗುವವರು ನಕ್ಕರು. ಮೂರು ತಿಂಗಳ ಹೊತ್ತಿಗೆ ಚೊಂಬು ಹಗುರಾಯಿತು.

ಈ ಮಧ್ಯೆ ಹತ್ತುವುದನ್ನು ನಿಲ್ಲಿಸಿರಲಿಲ್ಲ. ಕ್ಯಾಂಪಸ್ ಬೋರ್ಡ್ (ಕಾಲಿಡದೆ ಬರೀ ಕೈಯಲ್ಲಿ ಹತ್ತುವ ಪಟ್ಟಿಗಳ ಹಲಗೆ), ಚಿನ್‌ಅಪ್, ಓವರ್‌ಹ್ಯಾಂಗಿನ ಕ್ರಿಂಪ್ (ಹೊರಕ್ಕೆ ಬಾಗಿದ ಬಂಡೆಯಲ್ಲಿ ಬೆರಳ ತುದಿಯಿಂದ ಹಿಡಿಯುವ ಸಣ್ಣ ಅಂಚು) ಮಾತ್ರ ಬಿಟ್ಟೆ. ರಾಮನಗರದ ಗ್ರಾನೈಟ್ ಸ್ಲ್ಯಾಬಿನಲ್ಲಿ, ಅಂದರೆ ಇಳಿಜಾರು ಬಂಡೆಯಲ್ಲಿ, ಕೆಲಸ ಕಾಲಿನದು, ಕೈಗೆ ಅಷ್ಟು ಹೊರೆ ಇಲ್ಲ.

ಬಕೆಟ್ ಅಕ್ಕಿಯಲ್ಲಿ ಕೈ ಹುಗಿದು ಬೆರಳು ಅರಳಿಸುವುದನ್ನೂ ಮಾಡಿದೆ. ಆಮೇಲೆ ರಾಗಿಗೆ ಬದಲಾಯಿಸಿದೆ, ಕಾಳು ಸಣ್ಣದು, ಕೈ ಸಲೀಸಾಗಿ ಇಳಿಯುತ್ತದೆ. ಟೆಂಡನ್ನಿಗೆ ಏನೂ ಆಗಲಿಲ್ಲ. ಮುಂಗೈ ಹಿಂಬದಿ ಮಾತ್ರ ಗಟ್ಟಿಯಾಯಿತು.

ಟೇಪ್ ಸುತ್ತುವ ನನ್ನ ರೀತಿ, ಹತ್ತುವ ದಿನದ ವಾರ್ಮ್‌ಅಪ್ಪಿನ ಕ್ರಮ, ಇವೆರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನುತ್ತಿದ್ದರೆ ಮಾತ್ರ ಡಂಬೆಲ್ ಮುಟ್ಟಬೇಡಿ. ಅಲ್ಲಿ ನರ ಸಿಕ್ಕಿಕೊಂಡಿರಬಹುದು, ಮೊದಲು ಡಾಕ್ಟರಿಗೆ ತೋರಿಸಿ.