ಫೋಟೊ ಪ್ರಿಂಟರ್ ಕೊಳ್ಳಲು ಹೋಗುವಾಗ ಪೆನ್‌ಡ್ರೈವ್ ಮರೆಯಬೇಡಿ

ಕಳೆದ ದಸರೆಯಲ್ಲಿ ಗೊಂಬೆ ನೋಡಲು ಮೈಸೂರಿನ ಕುವೆಂಪುನಗರದ ನೆಂಟರ ಮನೆಗೆ ಹೋಗಿದ್ದೆ. ಪಟ್ಟದ ಗೊಂಬೆಗಳ ಪಕ್ಕದಲ್ಲೇ ಮೊಮ್ಮಗಳ ನಾಮಕರಣದ ಫೋಟೊ ಇಟ್ಟಿದ್ದರು. ಮನೆಯಲ್ಲೇ ತೆಗೆದ ಪ್ರಿಂಟ್. ಮಗುವಿನ ಕೆನ್ನೆ ಬೂದು ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಉಟ್ಟಿದ್ದ ಮೈಸೂರು ಸಿಲ್ಕ್ ಸೀರೆಯ ಗಿಳಿಹಸಿರು ಬಾಡಿದ ಸೊಪ್ಪಿನ ಹಾಗೆ ಕಾಣುತ್ತಿತ್ತು. "ಹಬ್ಬದ ಆಫರ್‌ನಲ್ಲಿ ತಗೊಂಡ್ವಿ. ಫೋಟೊಗೂ ಚೆನ್ನಾಗಿರುತ್ತೆ ಅಂದ್ರು" ಎಂದರು ಆ ಮನೆಯ ಅತ್ತೆ. ಅದೇ ಫೋಟೊವನ್ನು ಫೋನಿನಲ್ಲಿ ತೋರಿಸಿದರು. ಅಲ್ಲಿ ಮಗು ಕೆಂಪಗೆ, ದುಂಡಗೆ ನಗುತ್ತಿತ್ತು. ನನಗೆ ನಿಜಕ್ಕೂ ಬೇಜಾರಾಯಿತು.

ಇಂಥದ್ದನ್ನು ಮೂರು ನಾಲ್ಕು ಮನೆಗಳಲ್ಲಿ ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಡಬ್ಬದ ಮೇಲೆ ಬರೆದದ್ದನ್ನು ಓದಿ ಪ್ರಿಂಟರ್ ತರುತ್ತಾರೆ. ಅದರಿಂದ ಬಂದ ಒಂದು ಫೋಟೊವನ್ನೂ ಕೈಯಲ್ಲಿ ಹಿಡಿದು ನೋಡಿರುವುದಿಲ್ಲ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇವೆ, ಅಲ್ವಾ? ಪ್ರಿಂಟರ್‌ಗೂ ಅದೇ ಆಗಬೇಕು.

ಮೊದಲು ಲೆಕ್ಕ

ವರ್ಷಕ್ಕೆ ಎಷ್ಟು ಫೋಟೊ ಪ್ರಿಂಟ್ ತೆಗೆಯುತ್ತೀರಿ? ಒಂದು ಚೀಟಿಯಲ್ಲಿ ಬರೆಯಿರಿ. ಪ್ರಿಂಟರ್‌ಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಸ್ಟುಡಿಯೋದಲ್ಲಿ ಒಂದು 4×6 ಇಂಚಿನ ಫೋಟೊಗೆ 15 ರೂಪಾಯಿ, ಮನೆಯಲ್ಲಿ ಪೇಪರ್ ಮತ್ತು ಇಂಕ್ ಸೇರಿ 7 ರೂಪಾಯಿ ಎನ್ನೋಣ. ಒಂದಕ್ಕೆ 8 ರೂಪಾಯಿ ಉಳಿತಾಯ. ಹಾಕಿದ ದುಡ್ಡು ವಾಪಸ್ ಬರಲು 2,500 ಪ್ರಿಂಟ್ ತೆಗೆಯಬೇಕು. ವರ್ಷಕ್ಕೆ 100 ತೆಗೆಯುವವರಿಗೆ 25 ವರ್ಷ ಹಿಡಿಯುತ್ತದೆ! ನಿಮ್ಮ ಬೀದಿಯ ಸ್ಟುಡಿಯೋ ರೇಟು ಹಾಕಿ ನೀವೇ ಗುಣಿಸಿ ನೋಡಿ.

ಹಾಗಾಗಿ ದುಡ್ಡು ಉಳಿಸಲು ಫೋಟೊ ಪ್ರಿಂಟರ್ ಕೊಳ್ಳಬೇಡಿ. ಬೇಕಾದಾಗ ಬೇಕಾದ ಫೋಟೊ ಕೈಗೆ ಸಿಗಬೇಕು, ಬಣ್ಣವನ್ನು ನಾವೇ ತಿದ್ದಬೇಕು, ಮಕ್ಕಳ ಜೊತೆ ಕೂತು ಆಲ್ಬಮ್ ಮಾಡಬೇಕು ಎನ್ನುವ ಆಸೆ ಇದ್ದರೆ ಕೊಳ್ಳಿ. ವರ್ಷಕ್ಕೆ 50 ಪ್ರಿಂಟ್ ಕೂಡ ತೆಗೆಯದವರು ಸ್ಟುಡಿಯೋಗೇ ಹೋಗಲಿ. ಬಳಸದೆ ಇಟ್ಟ ಇಂಕ್ ಪ್ರಿಂಟರ್ ಕೆಟ್ಟೇ ಕೆಡುತ್ತದೆ.

ಯಾವ ಜಾತಿಯದ್ದು

ಲೇಸರ್ ಬೇಡ. ಅದು ಪುಡಿಯನ್ನು ಕಾಗದದ ಮೇಲೆ ಕಾಯಿಸಿ ಅಂಟಿಸುವ ಯಂತ್ರ. ಅಕ್ಷರಕ್ಕೆ ಬಹಳ ಒಳ್ಳೆಯದು, ಮುಖಕ್ಕೆ ಅಲ್ಲ. ಸಣ್ಣ ಕಾರ್ಟ್ರಿಡ್ಜ್ ಇರುವ ಅಗ್ಗದ ಇಂಕ್‌ಜೆಟ್ ಕೂಡ ಬೇಡ. ಫೋಟೊ ತುಂಬಾ ಇಂಕ್ ಕುಡಿಯುತ್ತದೆ, ಎರಡು ಮೂರು ಸಲ ಕಾರ್ಟ್ರಿಡ್ಜ್ ಬದಲಿಸುವಷ್ಟರಲ್ಲಿ ಪ್ರಿಂಟರ್ ಬೆಲೆಯೇ ಹೋಗಿರುತ್ತದೆ.

4×6 ಸೈಜ್ ಮಾತ್ರ ಸಾಕು, ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಎನ್ನುವವರಿಗೆ ಕ್ಯಾನನ್ ಕಂಪನಿಯ ಸೆಲ್ಫಿ (Selphy) ಎಂಬಂಥ ಪುಟ್ಟ ಡೈ-ಸಬ್ ಪ್ರಿಂಟರ್ ಇದೆ. ಅದರಲ್ಲಿ ದ್ರವದ ಇಂಕೇ ಇಲ್ಲ. ಬಣ್ಣದ ರಿಬ್ಬನ್ ಬಿಸಿಯಾಗಿ ಹಳದಿ, ಮೆಜೆಂಟಾ (ಗಾಢ ಗುಲಾಬಿ), ನೀಲಿ ಒಂದಾದ ಮೇಲೊಂದು ಪೇಪರಿಗೆ ಇಳಿಯುತ್ತವೆ. ಕೊನೆಗೆ ಮೇಲೊಂದು ಪಾರದರ್ಶಕ ಪದರ ಕೂರುತ್ತದೆ. ಒಣಗಿ ಕಟ್ಟಿಕೊಳ್ಳುವ ಹೆಡ್ (ಇಂಕ್ ಚಿಮುಕಿಸುವ ಭಾಗ) ಇಲ್ಲ, ಪ್ರಿಂಟ್ ಮೇಲೆ ನೀರು ಬಿದ್ದರೂ ಒರೆಸಬಹುದು. ಪೇಪರ್ ಮತ್ತು ರಿಬ್ಬನ್ ಒಟ್ಟಿಗೇ ಕೊಳ್ಳಬೇಕು, ಎ4 ಬರುವುದಿಲ್ಲ, ಅಷ್ಟೇ.

ಉಳಿದವರಿಗೆಲ್ಲ ಇಂಕ್ ಟ್ಯಾಂಕ್, ಅಂದರೆ ಬಾಟಲಿಯಿಂದ ಇಂಕ್ ತುಂಬುವ ಪ್ರಿಂಟರ್. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಮಾಮೂಲಿ ಟ್ಯಾಂಕ್ ಪ್ರಿಂಟರ್‌ನಲ್ಲಿ 4 ಬಣ್ಣ ಇರುತ್ತವೆ. ಮಗುವಿನ ಕೆನ್ನೆಯಂಥ ತೆಳು ಬಣ್ಣ ಬರಬೇಕಾದರೆ ಅದು ಗಾಢ ಬಣ್ಣದ ಚುಕ್ಕೆಗಳನ್ನೇ ದೂರದೂರ ಚಿಮುಕಿಸುತ್ತದೆ. ಹತ್ತಿರದಿಂದ ನೋಡಿದರೆ ಕೆನ್ನೆಯ ಮೇಲೆ ರವೆ ಉದುರಿಸಿದ ಹಾಗಿರುತ್ತದೆ. 6 ಬಣ್ಣದ ಪ್ರಿಂಟರ್‌ನಲ್ಲಿ, ಉದಾಹರಣೆಗೆ ಎಪ್ಸನ್ ಎಲ್8050ರಲ್ಲಿ, ತೆಳು ನೀಲಿ ಮತ್ತು ತೆಳು ಮೆಜೆಂಟಾ ಬೇರೆಯಾಗಿಯೇ ಇರುತ್ತವೆ. ಚುಕ್ಕೆಗಳು ಒತ್ತೊತ್ತಾಗಿ ಬಿದ್ದು ಕೆನ್ನೆ ನುಣುಪಾಗುತ್ತದೆ. ಕ್ಯಾನನ್ ಜಿ570ರಲ್ಲೂ 6 ಇವೆ, ಆದರೆ ಅಲ್ಲಿ ಹೆಚ್ಚುವರಿ ಬಣ್ಣಗಳು ಕೆಂಪು ಮತ್ತು ಬೂದು. ಬೂದು ಇಂಕ್ ಇರುವುದರಿಂದ ಹಳೆಯ ಕಪ್ಪು ಬಿಳುಪು ಫೋಟೊಗಳಿಗೆ ಅನುಕೂಲ.

ಇನ್ನೊಂದು ಮಾತು. ಕೆಲವು 4 ಬಣ್ಣದ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್ ಜಾತಿಯದ್ದು, ಅಂದರೆ ಬಣ್ಣದ ಪುಡಿ ಕಲೆಸಿದ್ದು, ಅಕ್ಷರಕ್ಕೆಂದು ಇಟ್ಟಿದ್ದು. ಗ್ಲಾಸಿ ಪೇಪರ್ ಮೇಲೆ ಅದು ಕೂರುವುದಿಲ್ಲ. ಹಾಗಾಗಿ ಯಂತ್ರ ಉಳಿದ 3 ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಆ ಕಪ್ಪಿನಲ್ಲಿ ಕಸುವಿರುವುದಿಲ್ಲ. ಫೋಟೊ ಮುಖ್ಯ ಎನ್ನುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ 6 ಬಣ್ಣದ್ದನ್ನೇ ತನ್ನಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ನಿಮ್ಮ ನಾಲ್ಕು ಫೋಟೊ, ಅಂಗಡಿಯ ಪ್ರಿಂಟರ್

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಇಲ್ಲಿ ಒಂದು ಗಂಟೆ ಹೋದರೂ ಪರವಾಗಿಲ್ಲ.

ಅಂಗಡಿಗೆ ಹೋದ ತಕ್ಷಣ ಹುಡುಗ ಒಂದು ಮಾದರಿ ಪ್ರಿಂಟ್ ತೋರಿಸುತ್ತಾನೆ. ಬಣ್ಣಬಣ್ಣದ ಹಕ್ಕಿ, ಇಲ್ಲವೇ ಹಣ್ಣಿನ ಬುಟ್ಟಿ. ಅದು ಕಂಪನಿಯವರು ಚೆನ್ನಾಗಿ ಬರಲೆಂದೇ ಆರಿಸಿದ ಚಿತ್ರ. "ಸಾರ್, ಇದು 5760 ಡಿಪಿಐ" ಎನ್ನುತ್ತಾನೆ. ಆ ಸಂಖ್ಯೆ ಹೆಡ್ ಎಷ್ಟು ಒತ್ತಾಗಿ ಇಂಕ್ ಚುಕ್ಕೆ ಇಡಬಲ್ಲದು ಎನ್ನುವುದರ ಲೆಕ್ಕ. ಫೋಟೊಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಧಾರಾಳವಾಯಿತು. 4×6ಕ್ಕೆ 1200×1800 ಪಿಕ್ಸೆಲ್, ಎ4 ತುಂಬಲು ಸುಮಾರು 2480×3508. ಈಗಿನ ಫೋನುಗಳೆಲ್ಲ ಅಷ್ಟು ಕೊಡುತ್ತವೆ. ಡಿಪಿಐ ನೋಡಿ ಪ್ರಿಂಟರ್ ಆರಿಸಬೇಡಿ.

ಮನೆಯಿಂದ ಹೊರಡುವ ಮುಂಚೆ ನಾಲ್ಕು ಫೋಟೊ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಬಂದವು ಬೇಡ, ಅಲ್ಲಿ ಫೋಟೊ ಕುಗ್ಗಿರುತ್ತದೆ. ಫೋನಿನಲ್ಲಿರುವ ಮೂಲ ಫೈಲೇ ಬೇಕು. ಬೇರೆಯವರಿಂದ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಒಂದನೆಯದು, ನಿಮ್ಮ ಮನೆಯವರ ಮುಖ, ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ತೆಗೆದದ್ದು. ನಮ್ಮ ಮೈಬಣ್ಣ ಬಲು ಸೂಕ್ಷ್ಮ. ಹಸಿರು ಒಂದು ಎಳೆ ಹೆಚ್ಚಾದರೆ ಕಾಯಿಲೆಯವರಂತೆ ಕಾಣುತ್ತಾರೆ, ಕೆಂಪು ಹೆಚ್ಚಾದರೆ ಬಿಸಿಲಿಗೆ ಬೆಂದವರಂತೆ. ಕಣ್ಣಿನ ಕೆಳಗಿನ ನೆರಳು ಮೆತ್ತಗೆ ಕರಗಬೇಕು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಾರದು.

ಎರಡನೆಯದು, ಭಾನುವಾರ ಸಂಜೆ ದೀಪ ಹಚ್ಚಿದ ಅರಮನೆ. ಮೈಸೂರಿನವರ ಫೋನಿನಲ್ಲಿ ಇದು ಇದ್ದೇ ಇರುತ್ತದೆ. ಪ್ರಿಂಟರ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಸುಮಾರು ಒಂದು ಲಕ್ಷ ಬಲ್ಬುಗಳ ಹಳದಿ ಬೆಳಕು, ಅದರ ಹಿಂದೆಯೇ ಕಪ್ಪು ಆಕಾಶ. ಪ್ರಿಂಟನ್ನು ಕಣ್ಣ ಹತ್ತಿರ ತಂದು ಕಮಾನುಗಳ ಅಂಚು ನೋಡಿ. ಬಲ್ಬುಗಳು ಮಣಿ ಪೋಣಿಸಿದ ಹಾಗೆ ಬಿಡಿಬಿಡಿಯಾಗಿ ನಿಲ್ಲಬೇಕು. ಹಳದಿ ಪಟ್ಟಿಯಾಗಿ ಕಲೆಸಿಹೋಗಿದ್ದರೆ ಬೇಡ. ಆಮೇಲೆ ಆಕಾಶ ನೋಡಿ. ಕಂದು ಅಥವಾ ಹಸಿರು ಛಾಯೆ ಕಂಡರೆ, ಆ ಯಂತ್ರಕ್ಕೆ ಕಪ್ಪು ಮಾಡಲು ಬರುವುದಿಲ್ಲ ಎಂದರ್ಥ. ಆಕಾಶದಲ್ಲಿ ಅಡ್ಡಡ್ಡ ತೆಳು ಗೆರೆ ಕಂಡರೆ ಮಾತ್ರ ತಕ್ಷಣ ಎದ್ದು ಬರಬೇಡಿ. ಡೆಮೊ ಪೀಸ್‌ನ ಹೆಡ್ ಒಣಗಿರಬಹುದು. ಒಂದು ನಾಝಲ್ ಚೆಕ್ (ಹೆಡ್‌ನ ತೂತುಗಳೆಲ್ಲ ತೆರೆದಿವೆಯೇ ಎಂದು ತೋರಿಸುವ ಪುಟ) ತೆಗೆಸಿ, ಹೆಡ್ ಕ್ಲೀನ್ ಮಾಡಿಸಿ, ಇನ್ನೊಂದು ಸಲ ಪ್ರಿಂಟ್ ತೆಗೆಸಿ.

ಮೂರನೆಯದು, ರೇಷ್ಮೆ ಸೀರೆ ಮತ್ತು ಮಲ್ಲಿಗೆ ಹೂವು ಒಟ್ಟಿಗೇ ಇರುವ ಯಾವುದಾದರೂ ಮದುವೆ ಫೋಟೊ. ಗಾಢ ಬಣ್ಣದ ನಡುವೆ ಜರಿಯ ಎಳೆ ಕಾಣಬೇಕು. ಮಲ್ಲಿಗೆ ಬರೀ ಬಿಳಿ ಮುದ್ದೆಯಾಗದೆ ಮೊಗ್ಗು ಮೊಗ್ಗಾಗಿ ಉಳಿಯಬೇಕು.

ನಾಲ್ಕನೆಯದು, ಅಜ್ಜ ಅಜ್ಜಿಯ ಹಳೆಯ ಕಪ್ಪು ಬಿಳುಪು ಫೋಟೊ. ಬಣ್ಣಗಳ ನಡುವೆ ಹೊಂದಾಣಿಕೆ ತಪ್ಪಿದ್ದರೆ ಇದು ಮುಚ್ಚುಮರೆ ಇಲ್ಲದೆ ತೋರಿಸಿಕೊಡುತ್ತದೆ. ಬೂದು ಇರಬೇಕಾದ ಕಡೆ ನೇರಳೆಯೋ ಹಸಿರೋ ಇಣುಕುತ್ತದೆ.

ಪೇಪರ್ ನೀವೇ ಕೊಂಡು ಹೋಗಿ, ಪ್ರಿಂಟರ್ ಕಂಪನಿಯದ್ದೇ ಫೋಟೊ ಪೇಪರ್, 4×6, ಚಿಕ್ಕ ಪ್ಯಾಕ್. ಅಂಗಡಿಯವರಿಗೆ ಖರ್ಚಿಲ್ಲ ಎಂದಾದರೆ ಬೇಡ ಎನ್ನಲು ಕಾರಣ ಇರುವುದಿಲ್ಲ. ದಸರಾ, ದೀಪಾವಳಿ ನೂಕುನುಗ್ಗಲಿನಲ್ಲಿ ಹೋಗಬೇಡಿ. ವಾರದ ಮಧ್ಯೆ ಬೆಳಿಗ್ಗೆ ಹೋದರೆ ಹುಡುಗರಿಗೂ ಪುರುಸೊತ್ತಿರುತ್ತದೆ. ಅಷ್ಟಾದರೂ ಡೆಮೊ ಕೊಡುವುದಿಲ್ಲ ಎಂದರೆ ಬೇರೆ ಅಂಗಡಿ ನೋಡಿ. ದೇವರಾಜ ಅರಸ್ ರಸ್ತೆ, ಸಯ್ಯಾಜಿರಾವ್ ರಸ್ತೆ ಕಡೆ ಹೋದರೆ ಒಂದಲ್ಲ ಒಂದು ಕಡೆ ಕೆಲಸ ಆಗುತ್ತದೆ.

ಪ್ರಿಂಟ್ ಕೈಗೆ ಬಂದ ಮೇಲೆ ಅಂಗಡಿಯ ದೀಪದ ಕೆಳಗೆ ತೀರ್ಮಾನ ಮಾಡಬೇಡಿ. ಹೊರಗೆ ಬಂದು ನೆರಳಲ್ಲಿ ನಿಂತು, ಹಗಲು ಬೆಳಕಿನಲ್ಲಿ ನೋಡಿ. ಒಳಗೆ ಸರಿ ಕಂಡ ಮುಖ ಹೊರಗೆ ಹಸಿರಾಗಿ ಕಾಣುವುದುಂಟು. ಫೋನಿನ ಪಕ್ಕ ಹಿಡಿದು ಹೋಲಿಸಬೇಡಿ. ಫೋನ್ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹೋಲಿಸಲೇಬೇಕು ಎಂದರೆ ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ. ಎರಡು ಮಾಡೆಲ್ ನೋಡುತ್ತಿದ್ದರೆ ಪ್ರಿಂಟ್‌ಗಳ ಹಿಂದೆ ಹೆಸರು ಬರೆದು ಮನೆಗೆ ತನ್ನಿ. ಒಂದು ದಿನ ಒಣಗಿದ ಮೇಲೆ ಬಣ್ಣ ನೆಲೆಗೊಳ್ಳುತ್ತದೆ. ಮಾರನೆಯ ದಿನ ಮನೆಯವರನ್ನೆಲ್ಲ ಕರೆದು ಕೇಳಿ. ಹೆಸರು ನೋಡದೆ ಎಲ್ಲರೂ ಯಾವುದಕ್ಕೆ ಕೈ ಹಾಕುತ್ತಾರೋ ಅದೇ ನಿಮ್ಮ ಪ್ರಿಂಟರ್.

ದುಡ್ಡು ಕೊಡುವ ಮುಂಚೆ

ಪೇಪರ್ ಹಿಂದಿನಿಂದ ನೇರವಾಗಿ ಹೋಗುವ ಟ್ರೇ ಇದೆಯೇ ನೋಡಿ. ಮುಂದಿನ ಟ್ರೇ ದಪ್ಪ ಪೇಪರನ್ನು ಬಗ್ಗಿಸಿ ಒಯ್ಯುತ್ತದೆ. ಬಿಳಿ ಅಂಚು ಇಲ್ಲದ ಬಾರ್ಡರ್‌ಲೆಸ್ ಪ್ರಿಂಟ್ ಎ4ನಲ್ಲೂ ಬರುತ್ತದೆಯೇ ಕೇಳಿ. ಹೆಡ್ ತೊಳೆದ ಇಂಕ್ ಹೋಗಿ ಸೇರುವ ಡಬ್ಬಿಯನ್ನು ಮನೆಯಲ್ಲೇ ಬದಲಿಸಬಹುದೇ, ಸರ್ವಿಸ್ ಸೆಂಟರ್‌ಗೇ ಹೊರಬೇಕೇ, ಅದನ್ನೂ ಕೇಳಿ. ವಾರಂಟಿ ಬರೀ ವರ್ಷದ ಲೆಕ್ಕವೋ, ಪುಟದ ಲೆಕ್ಕವೂ ಇದೆಯೋ ಓದಿ.

ಇಂಕ್ ಕಂಪನಿಯದ್ದೇ ಇರಲಿ. "ಕಂಪ್ಯಾಟಿಬಲ್, ಕಾಲು ಭಾಗ ಬೆಲೆ" ಎಂದು ಕೊಡುವ ಬಾಟಲಿ ಮುಟ್ಟಬೇಡಿ. ಒಮ್ಮೆ ನಾನು ಅಂಥದ್ದು ಹಾಕಿದ್ದೆ. ಮುಂದಿನ ಮಳೆಗಾಲದ ಹೊತ್ತಿಗೆ ಗೋಡೆಯ ಮೇಲಿದ್ದ ಅಮ್ಮನ ಫೋಟೊದಲ್ಲಿ ನೀಲಿ ಪೂರ್ತಿ ಹಾರಿಹೋಗಿ ಮುಖವೆಲ್ಲ ಕಿತ್ತಳೆಯಾಗಿತ್ತು. ಹೆಡ್ ಕೂಡ ಕಟ್ಟಿತು.

ಪೇಪರ್ ವಿಷಯದಲ್ಲೂ ಅಷ್ಟೇ. ತೀರಾ ಅಗ್ಗದ 180 ಜಿಎಸ್‌ಎಂ (ಕಾಗದದ ತೂಕದ ಅಳತೆ) ಗ್ಲಾಸಿ ಪೇಪರ್ ಮಕ್ಕಳ ಪ್ರಾಜೆಕ್ಟ್‌ಗೆ ಸಾಕು, ಆಲ್ಬಮ್‌ಗೆ ಬೇಡ. ಅದು ಮುದುರುತ್ತದೆ, ಬರಬರುತ್ತಾ ಹಳದಿಯಾಗುತ್ತದೆ. ಸುಮಾರು 260 ಜಿಎಸ್‌ಎಂ, ಹಿಂಬದಿಗೂ ಪ್ಲಾಸ್ಟಿಕ್ ಪದರ ಇರುವ ಆರ್‌ಸಿ ಪೇಪರ್ ಕೇಳಿ ತನ್ನಿ. ನನಗೆ ಪೂರ್ತಿ ಗ್ಲಾಸಿಗಿಂತ ಅರೆಹೊಳಪಿನ ಸ್ಯಾಟಿನ್ ಇಷ್ಟ. ಬೆರಳಚ್ಚು ಕಾಣುವುದಿಲ್ಲ, ದೀಪ ಹೊಳೆಯುವುದಿಲ್ಲ.

ಮನೆಗೆ ತಂದ ಮೇಲೆ

ಟ್ಯಾಂಕ್ ತುಂಬುವುದು, ವೈಫೈ ಜೋಡಿಸುವುದು ಕೈಪಿಡಿಯಲ್ಲಿ ಇರುವಂತೆ ಮಾಡಿ, ಅರ್ಧ ಗಂಟೆಯ ಕೆಲಸ.

ಆದರೆ ಪ್ರಿಂಟ್ ಒತ್ತುವ ಮುಂಚೆ ಒಂದು ಕಡೆ ನಿಲ್ಲಿ. ಸೆಟ್ಟಿಂಗ್‌ನಲ್ಲಿ ಪೇಪರ್ ಟೈಪ್ ಅಥವಾ ಮೀಡಿಯಾ ಟೈಪ್ ಎಂದಿರುತ್ತದೆ. ಅದು ಹೆಚ್ಚಾಗಿ ತಾನಾಗಿಯೇ ಪ್ಲೇನ್ ಪೇಪರ್ ಆಗಿರುತ್ತದೆ. ಎಷ್ಟು ಇಂಕ್ ಬಿಡಬೇಕು, ಚುಕ್ಕೆ ಹೇಗೆ ಇಡಬೇಕು ಎನ್ನುವುದನ್ನು ಯಂತ್ರ ತೀರ್ಮಾನಿಸುವುದು ಈ ಒಂದು ಸಾಲು ನೋಡಿ. ಒಳ್ಳೆಯ ಫೋಟೊ ಪೇಪರ್ ಇಟ್ಟು ಪ್ಲೇನ್ ಎಂದು ಹೇಳಿದರೆ ಬಣ್ಣ ಸಪ್ಪೆಯಾಗಿ, ಕಾಳುಕಾಳಾಗಿ ಬರುತ್ತದೆ. ಕುವೆಂಪುನಗರದ ಮನೆಯಲ್ಲಿ ಇದೂ ಸೇರಿಕೊಂಡಿತ್ತು. ಆ ಸಂಜೆಯೇ ಪೇಪರ್ ಟೈಪನ್ನು ಗ್ಲಾಸಿ ಮಾಡಿ, ಕ್ವಾಲಿಟಿ ಹೈ ಮಾಡಿ ಮತ್ತೆ ತೆಗೆದೆವು. 4 ಬಣ್ಣದ ಯಂತ್ರವೇ ಆದರೂ ಕೆನ್ನೆಗೆ ಕೆಂಪು ಬಂತು, ಸೀರೆಗೆ ಹಸಿರು ಬಂತು. ಅತ್ತೆ ಹಳೆಯ ಪ್ರಿಂಟ್ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಇಟ್ಟರು. ಫೋನಿನಿಂದ ಕಳಿಸುವವರು ಪ್ರತಿ ಸಲವೂ ಇದನ್ನು ನೋಡಿಕೊಳ್ಳಿ, ಜೊತೆಗೆ ಸೈಜ್ ಎ4 ಇದೆಯೋ 4×6 ಇದೆಯೋ ಎಂದೂ.

ಹೊಸ ಪ್ರಿಂಟನ್ನು ಒಂದು ದಿನ ತೆರೆದಿಟ್ಟು ಒಣಗಲು ಬಿಡಿ. ಹಸಿ ಇದ್ದಾಗಲೇ ಫ್ರೇಮ್ ಹಾಕಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಫ್ರೇಮ್ ಮಾಡುವವರಿಗೆ ಗಾಜು ಫೋಟೊಗೆ ತಾಗದಂತೆ ಸುತ್ತ ಮೌಂಟ್ (ರಟ್ಟಿನ ಅಂಚು) ಇಡಲು ಹೇಳಿ, ಇಲ್ಲದಿದ್ದರೆ ಕೆಲವು ವರ್ಷದಲ್ಲಿ ಅಂಟಿಕೊಳ್ಳುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಯಂತ್ರವನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಕೆಳಗೆ ಕೂರುತ್ತದೆ. ಸುಮ್ನೆ ಸ್ವಿಚ್ ಆರಿಸಿದರೆ ದಾರಿಯಲ್ಲೇ ನಿಂತು ಒಣಗುತ್ತದೆ. ಮಾರ್ಚ್, ಏಪ್ರಿಲ್ ಒಣ ಬಿಸಿಲಿನಲ್ಲಿ ಇದು ಬೇಗ ಆಗುತ್ತದೆ. ಮಳೆಗಾಲದಲ್ಲಿ ಉಳಿದ ಪೇಪರನ್ನು ಟ್ರೇಯಲ್ಲಿ ಬಿಡದೆ ಜಿಪ್ ಕವರ್‌ಗೆ ಹಾಕಿಡಿ, ತೇವ ಹೀರಿದ ಪೇಪರ್ ಮೇಲೆ ಇಂಕ್ ಹರಡುತ್ತದೆ. ವಾರಕ್ಕೆ ಒಂದಾದರೂ ಬಣ್ಣದ ಫೋಟೊ ಪ್ರಿಂಟ್ ತೆಗೆಯಿರಿ. ಗೆರೆ ಕಂಡರೆ ಹೆಡ್ ಕ್ಲೀನಿಂಗ್ ಎರಡು ಸಲ ಮಾಡಿ ಸಾಕು. ಮತ್ತೂ ಸರಿಹೋಗದಿದ್ದರೆ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನಾಝಲ್ ಚೆಕ್ ತೆಗೆದು ನೋಡಿ.