ಕ್ಯಾರವಾನ್‌ನಲ್ಲಿ ಮುಧೋಳ ನಾಯಿಗಳೊಡನೆ ಕಾಳಿ ಕಾಡಿಗೆ ಹೊರಡುವವರಿಗೆ

ನಾಯಿ ಸಾಕಿದವರು ಉತ್ತರ ಕನ್ನಡದ ಕಾಳಿ ಹುಲಿ ಸಂರಕ್ಷಿತ ಕಾಡಿನ ಪ್ರವಾಸಕ್ಕೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಂಡಿರಬೇಕು. ತಾವು ಸಫಾರಿಯ ಜೀಪಿನಲ್ಲಿ ಕುಳಿತಿರುವ ಮೂರು ತಾಸು ನಾಯಿ ಎಲ್ಲಿರುತ್ತದೆ, ಅದರ ಬಳಿ ಯಾರಿರುತ್ತಾರೆ? ಯಾವ ದಾರಿ ಹಿಡಿಯಬೇಕು, ಎಲ್ಲಿ ತಂಗಬೇಕು, ಎಷ್ಟು ಜನ ಹೋಗಬೇಕು ಎಂಬುದೆಲ್ಲ ಈ ಉತ್ತರವನ್ನೇ ಅವಲಂಬಿಸಿದೆ. ಟೆಂಪೋ ಟ್ರಾವೆಲರಿನಲ್ಲಿ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂಡಿಸಿದ ಕ್ಯಾರವಾನ್ ಬಾಡಿಗೆಗೆ ಸಿಕ್ಕರೆ ನಾಯಿಯ ಚಿಂತೆ ತಪ್ಪಿತು ಎಂದು ಹಲವರು ಭಾವಿಸುತ್ತಾರೆ. ವಾಹನದಿಂದ ತಂಗುವ ಜಾಗದ ಸಮಸ್ಯೆ ಬಗೆಹರಿಯುತ್ತದೆಯೇ ಹೊರತು ನಾಯಿಯನ್ನು ನೋಡಿಕೊಳ್ಳುವವರ ಕೊರತೆ ನೀಗುವುದಿಲ್ಲ.

ನಮ್ಮ ಬಾಗಲಕೋಟೆ ಸೀಮೆಯಲ್ಲಿ ನಾಯಿ ಎಂದರೆ ಬಹುತೇಕ ಮುಧೋಳದ ಬೇಟೆನಾಯಿಯೇ. ಭಾರತೀಯ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಸಾರ್ಥವಾಹ ವರ್ತಕರ ಬಂಡಿಗಳ ಜೊತೆ ಓಡಿದ ತಳಿ ಈಗ ಕ್ಯಾರವಾನಿನೊಳಗೆ ಕಂಬಳಿ ಹೊದ್ದು ಮಲಗುವುದನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಆದರೆ ಹೆಸರಿಗಿಂತ ಅದರ ಸ್ವಭಾವವನ್ನು ತಿಳಿದಿರುವುದು ಮುಖ್ಯ. ಇದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಮೊಲವೊಂದು ಮಿಸುಕಿದರೂ ಸಾಕು, ಕರೆದ ಧ್ವನಿ ಅದರ ಕಿವಿಗೆ ಬೀಳುವುದಿಲ್ಲ.

ನನ್ನ ಮೊದಲ ಪ್ರವಾಸದಲ್ಲಿ ಅಳ್ನಾವರದ ಆಚೆ ಚಹಾಕ್ಕೆಂದು ನಿಂತು, ಹಗ್ಗ ಹಾಕದೆಯೇ ಪಕ್ಕದ ಬಾಗಿಲು ತೆರೆದೆ. ಹೆಣ್ಣು ನಾಯಿ ಗದ್ದೆಯ ಬದುವಿನಲ್ಲಿ ಏನನ್ನು ಕಂಡಿತೋ ತಿಳಿಯದು. ಎರಡು ತಾಸು ಹುಡುಕಿದ ಮೇಲೆ, ಕಾಲಿಗೆ ಮುಳ್ಳು ಚುಚ್ಚಿಕೊಂಡು ತಾನಾಗಿಯೇ ಹಿಂದಿರುಗಿತು. ಅಂದಿನಿಂದ ಒಳಗೆ ಹಗ್ಗ ಹಾಕಿ, ಅದನ್ನು ಕೈಗೆ ಸುತ್ತಿಕೊಂಡ ಮೇಲೆಯೇ ಬಾಗಿಲಿನ ಚಿಲಕ ತೆಗೆಯುತ್ತೇವೆ. ಈ ತಳಿಯ ತಲೆ ಕಿರಿದಾಗಿರುವುದರಿಂದ ಸಾಧಾರಣ ಕೊರಳಪಟ್ಟಿ ಹಿಂದಕ್ಕೆ ಎಳೆದೊಡನೆ ಜಾರಿಹೋಗುತ್ತದೆ. ಎಳೆದಾಗ ಬಿಗಿಯಾಗುವ ಪಟ್ಟಿಯನ್ನೋ ಎದೆಗೆ ಕಟ್ಟುವ ಹಾರ್ನೆಸ್ಸನ್ನೋ ಬಳಸುವುದು ಕ್ಷೇಮ.

ಇನ್ನು ಕಾನೂನಿನ ವಿಷಯ. ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ. ದಾಂಡೇಲಿ ವನ್ಯಜೀವಿ ಧಾಮದೊಂದಿಗೆ ಸೇರಿ ಅದು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. ಇಲ್ಲಿ ಸಾಕುನಾಯಿಗೆ ಪ್ರವೇಶವಿಲ್ಲ. ಸಫಾರಿಯ ಜೀಪಿನಲ್ಲಾಗಲಿ ಇಲಾಖೆಯ ಪ್ರಕೃತಿ ಶಿಬಿರದಲ್ಲಾಗಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿರುವ ಮಕ್ಕಳು ಕಳುಹಿಸುವ ವಿಡಿಯೋಗಳನ್ನು ನೋಡಿ, ಅಲ್ಲಿ ನಡೆಯುವುದು ಇಲ್ಲಿ ಏಕೆ ನಡೆಯದು ಎಂದು ಕೇಳುವವರಿದ್ದಾರೆ. ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕೂಡ ನಾಯಿಯು ರಸ್ತೆ, ವಾಹನ ನಿಲುಗಡೆ ಮತ್ತು ಶಿಬಿರದ ಜಾಗಗಳಿಂದ 100 ಅಡಿಯೊಳಗೇ, 6 ಅಡಿ ಮೀರದ ಹಗ್ಗದಲ್ಲಿಯೇ ಇರಬೇಕು; ಕಾಡಿನ ಕಾಲುದಾರಿಗೆ ಅದನ್ನು ಕರೆದೊಯ್ಯುವಂತಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದರ ಜೊತೆಗೆ ಬೆನ್ನಟ್ಟುವುದೂ ಅದರ ಪ್ರಯತ್ನವೂ ಸೇರಿವೆ ಎಂಬುದನ್ನು ಬೇಟೆನಾಯಿ ಸಾಕಿದವರು ಮರೆಯಬಾರದು. ಇದು ಕಾಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ, 2016ರಲ್ಲಿ ಘೋಷಣೆಯಾದ 96.36 ಚದರ ಕಿಲೋಮೀಟರಿನ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ನಮ್ಮ ಹೊಲಗಳ ಪಕ್ಕದಲ್ಲಿಯೇ ಇದೆ. ಚಿಂಕಾರ ಎಂಬ ಹುಲ್ಲೆಯು ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆಯುಳ್ಳ ಪ್ರಾಣಿ. ಹೊರಡುವ ಮೊದಲು ನಾಯಿಗೆ ಓಟದ ಅಭ್ಯಾಸ ಮಾಡಿಸುವ ಉತ್ಸಾಹದಲ್ಲಿ ಆ ಕಡೆಗೆ ಹಗ್ಗ ಬಿಚ್ಚಿ ಬಿಡಬೇಡಿ.

ಈ ನಿರ್ಬಂಧದ ಹಿಂದೆ ರೋಗದ ಭಯವೂ ಇದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಹಲವದರಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಕಾಳಿಯ ಕಾಡಿನಲ್ಲಿ ಸೀಳುನಾಯಿಗಳಿವೆ. ನಾಯಿಯ ಕುಲಕ್ಕೇ ಸೇರಿದ ಅವುಗಳಿಗೆ ಈ ವೈರಸ್ಸು ಸುಲಭವಾಗಿ ಅಂಟುತ್ತದೆ. ಆದ್ದರಿಂದ ಕಾಡಿನ ಅಂಚಿನ ಊರಿನಲ್ಲಿ ತಂಗುವುದಾದರೂ ರೇಬೀಸ್ ಲಸಿಕೆಯೊಡನೆ ಡಿಸ್ಟೆಂಪರ್, ಪಾರ್ವೊ, ಇಲಿಜ್ವರಗಳ ವಿರುದ್ಧದ ಸಂಯುಕ್ತ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಾಕಿಯಿದ್ದರೆ ಪ್ರಯಾಣಕ್ಕೆ ಎರಡು ಮೂರು ವಾರ ಮೊದಲೇ ಹಾಕಿಸಿ, ಲಸಿಕೆಯ ಪುಸ್ತಕವನ್ನು ವಾಹನದ ಕಾಗದಪತ್ರಗಳ ಜೊತೆಯಲ್ಲಿಯೇ ಇಡಬೇಕು.

ಸ್ವಂತ ವಾಹನವನ್ನು ಕ್ಯಾರವಾನ್ ಮಾಡಿಸಿಕೊಂಡವರು ಆ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದಿರಬೇಕು. ಬಾಡಿಗೆಗೆ ತರುವವರು ನಾಯಿ ಇರುತ್ತದೆ ಎಂಬುದನ್ನು ಮೊದಲೇ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯುವುದು ಲೇಸು. ಕೂದಲಿನ ನೆಪ ಹೇಳಿ ಠೇವಣಿ ಹಿಡಿದಿಟ್ಟುಕೊಂಡ ಮಾಲೀಕರೊಬ್ಬರ ಅನುಭವ ನನಗಾಗಿದೆ. ಓಡುವ ವಾಹನದಲ್ಲಿ ನಾಯಿಯನ್ನು ಸಡಿಲ ಬಿಡಬಾರದು. ನೆಲಕ್ಕೆ ಬಿಗಿದ ಪಂಜರವಾಗಲಿ, ಆಸನದ ಬೆಲ್ಟಿಗೆ ಸಿಕ್ಕಿಸಿದ ಹಾರ್ನೆಸ್ಸಾಗಲಿ ಇರಲಿ. ಗ್ಯಾಸಿನ ಸಿಲಿಂಡರ್ ಪ್ರಯಾಣದುದ್ದಕ್ಕೂ ಬಂದ್ ಆಗಿರಬೇಕು.

ಮುಧೋಳದಿಂದ ಹೊರಡುವವರಿಗೆ ಲೋಕಾಪುರ, ಯರಗಟ್ಟಿ, ಸವದತ್ತಿ, ಧಾರವಾಡ, ಹಳಿಯಾಳದ ಮೂಲಕ ದಾಂಡೇಲಿ ಸೇರುವ ದಾರಿ ಅನುಕೂಲ. ಬೆಳಗಾವಿಯವರು ಖಾನಾಪುರ, ಅಳ್ನಾವರ, ಹಳಿಯಾಳದ ಮೇಲೆ ಬರಬಹುದು. ಲೋಂಡಾ, ರಾಮನಗರದ ಕಡೆಯಿಂದಲೂ ದಾರಿಯಿದೆ, ಕಣ್ಣಿಗೆ ಹಬ್ಬವೂ ಹೌದು. ಆದರೆ ಅಲ್ಲಿ ಬಹುಭಾಗ ಕಾಡಿನ ನಡುವೆಯೇ ಸಾಗಬೇಕಾದ್ದರಿಂದ ನಾಯಿಯನ್ನು ಇಳಿಸಲು ಜಾಗ ಸಿಗುವುದಿಲ್ಲ. ಎರಡು ತಾಸಿಗೊಮ್ಮೆ ನಾಯಿಯನ್ನು ಇಳಿಸಲೇಬೇಕಾದವರಿಗೆ ಊರುಗಳಿರುವ ದಾರಿಯೇ ಮೇಲು. ಚೋರ್ಲಾ ಘಾಟಿನ ಕಡೆ ಸುತ್ತಾಡಿ ಬರೋಣವೆಂದುಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಜಾಂಬೋಟಿ, ಕಣಕುಂಬಿಯ ಸುತ್ತಲಿನ ಕಾಡಿಗೆ ಹೊಂದಿಕೊಂಡೇ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮವಿದೆ.

ಹೊರಡುವ ಮೂರು ನಾಲ್ಕು ತಾಸು ಮೊದಲು ನಾಯಿಗೆ ಹಗುರವಾಗಿ ತಿನ್ನಿಸಿ. ಮುಧೋಳ ನಾಯಿಯ ಎದೆಗೂಡು ಆಳವಾದದ್ದು. ಹೊಟ್ಟೆ ತುಂಬ ಉಂಡು ಕೂಡಲೇ ಓಡಿದರೆ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುತ್ತದೆ. ಮನೆಯಲ್ಲಿ ಜೋಳದ ರೊಟ್ಟಿ, ಹಾಲು ತಿನ್ನುವ ನಾಯಿಗೆ ದಾರಿಯಲ್ಲಿಯೂ ಅದನ್ನೇ ಕೊಡಿ. ಪ್ರವಾಸದಲ್ಲಿ ಹೊಸ ತಿನಿಸಿನ ಪ್ರಯೋಗ ಬೇಡ. 25 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಬೇಕಾಗುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಅದನ್ನು ಟ್ಯಾಂಕಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸಫಾರಿಯ ಹೊತ್ತಿನಲ್ಲಿ ನಾಯಿ ಎಲ್ಲಿರುತ್ತದೆ ಎಂದು ಮೇಲೆ ಕೇಳಿದ ಪ್ರಶ್ನೆಗೆ ಬಹುತೇಕರು ಕೊಡುವ ತಪ್ಪು ಉತ್ತರವೆಂದರೆ, ನಾಯಿಯನ್ನು ವಾಹನದಲ್ಲಿಯೇ ಬಿಟ್ಟು ಕಿಟಕಿಯನ್ನು ಬೆರಳಗಲ ತೆರೆದಿಡುವುದು. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗಿನ ಉಷ್ಣತೆ 10 ನಿಮಿಷದಲ್ಲಿ 34ಕ್ಕೂ ಅರ್ಧ ತಾಸಿನಲ್ಲಿ 43ಕ್ಕೂ ಏರಬಲ್ಲದು. ಕಿಟಕಿಯ ಸಂದಿಯಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಕ್ಯಾರವಾನ್ ದೊಡ್ಡದಾದ್ದರಿಂದ ಬಿಸಿಯೇರುವುದು ತುಸು ತಡವಾಗಬಹುದು, ಆದರೆ ಮೂರು ತಾಸು ಬಹು ದೀರ್ಘಕಾಲ. ಎಸಿ ಇದೆಯಲ್ಲ ಎನ್ನಬೇಡಿ. ಹೊರಗಿನ ವಿದ್ಯುತ್ ಹೋದರೆ, ಬ್ಯಾಟರಿ ಇಳಿದರೆ ಅದೂ ನಿಲ್ಲುತ್ತದೆ, ಕಾಡಿನೊಳಗಿರುವ ನಿಮ್ಮ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿ, ನಾಯಿ ಜೊಲ್ಲು ಸುರಿಸುತ್ತ ತೂರಾಡತೊಡಗಿದರೆ ನೆರಳಿಗೆ ತಂದು, ತಣ್ಣೀರು ಸುರಿದು, ಗಾಳಿ ಹಾಕುತ್ತ ಪಶುವೈದ್ಯರ ಬಳಿ ಧಾವಿಸಬೇಕು.

ಸರಿಯಾದ ಉತ್ತರ ಸರಳವಾಗಿದೆ: ಸರದಿಯ ಮೇಲೆ ಹೋಗುವುದು. ಬೆಳಗಿನ ಸಫಾರಿಗೆ ಅರ್ಧ ಜನ, ಸಂಜೆಯದಕ್ಕೆ ಉಳಿದರ್ಧ. ಹೀಗಾಗಿ ಕನಿಷ್ಠ ಇಬ್ಬರು ದೊಡ್ಡವರಾದರೂ ಇರಬೇಕು, ಅವರಿಬ್ಬರಿಗೂ ನಾಯಿ ಒಗ್ಗಿರಬೇಕು. ಒಟ್ಟಿಗೆ ನೋಡಲಿಲ್ಲವೆಂಬ ಬೇಸರ ಮೊದಲ ದಿನ ಇರುತ್ತದೆ; ಎರಡನೆಯ ದಿನ ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರು ನಂಬದೆ ವಾದಿಸುವುದೇ ಒಂದು ಮೋಜಾಗುತ್ತದೆ. ಬೈಲಹೊಂಗಲದ ಗೆಳೆಯರೊಬ್ಬರಂತೂ ನಾಯಿಗಳನ್ನು ಧಾರವಾಡದ ತಂಗಿಯ ಮನೆಯಲ್ಲಿ ಬಿಟ್ಟೇ ಮುಂದೆ ಸಾಗುತ್ತಾರೆ. ಒಂದೇ ದಿನದ ಭೇಟಿಯಾದರೆ ಅದೇ ಜಾಣತನ ಎಂದು ನನ್ನ ಅಭಿಪ್ರಾಯ.

ರಾತ್ರಿ ತಂಗಲು ಸಂರಕ್ಷಿತ ಪ್ರದೇಶದ ಹೊರಗಿನ, ನಾಯಿಗೆ ಒಪ್ಪಿಗೆ ಕೊಡುವ ಹೋಮ್‌ಸ್ಟೇ ಅಂಗಳವನ್ನೋ ತೋಟವನ್ನೋ ಮುಂಚಿತವಾಗಿ ಗೊತ್ತುಮಾಡಿಕೊಳ್ಳಿ. ಕಾಡಿನ ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಿ ಮಲಗುವ ಯೋಚನೆ ಸಲ್ಲದು. ಕತ್ತಲಾದ ಮೇಲೆ ನಾಯಿಯನ್ನು ಎಷ್ಟು ಗಟ್ಟಿ ಸರಪಳಿಯಿಂದಲೂ ಹೊರಗೆ ಕಟ್ಟಬಾರದು. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿದ್ದನ್ನು ನೆನೆದರೆ, ಊರೊಳಗೇ ಇಷ್ಟಾದರೆ ಕಾಡಂಚಿನಲ್ಲಿ ಹೇಗಿದ್ದೀತು ಎಂದು ಊಹಿಸಬಹುದು. ಚಳಿಗಾಲದ ರಾತ್ರಿಗಳಲ್ಲಿ ತೆಳುಗೂದಲಿನ ಈ ನಾಯಿಗಳು ನಡುಗುತ್ತವೆ, ಹಳೆಯ ಕೌದಿಯೊಂದು ಜೊತೆಗಿರಲಿ. ಬಳಸಿದ ನೀರನ್ನಾಗಲಿ ಶೌಚದ ಟ್ಯಾಂಕನ್ನಾಗಲಿ ಹಳ್ಳಕ್ಕೆ ಬಿಡಬೇಡಿ, ನಾಯಿಯ ಮಲವನ್ನು ಚೀಲದಲ್ಲಿ ಕಟ್ಟಿ ವಾಪಸ್ಸು ತನ್ನಿ.

ಉಣ್ಣಿಯ ವಿಷಯದಲ್ಲಿ ಮಾತ್ರ ಉದಾಸೀನ ಮಾಡಲೇಬಾರದು. ಉತ್ತರ ಕನ್ನಡ ಜಿಲ್ಲೆ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಉಣ್ಣಿಯ ಕಡಿತದಿಂದ ಮನುಷ್ಯರಿಗೆ ಬರುತ್ತದೆ, ಅದರ ಕಾಲವೂ ಪ್ರವಾಸಿಗರು ಬರುವ ಚಳಿಗಾಲ ಮತ್ತು ಬೇಸಿಗೆಯೇ. ನಾಯಿಯ ಮೈಮೇಲೆ ಏರಿದ ಉಣ್ಣಿ ರಾತ್ರಿ ನಿಮ್ಮ ಹಾಸಿಗೆಯಲ್ಲಿರುತ್ತದೆ. ಹೊರಡುವ ಕೆಲವು ದಿನ ಮೊದಲು ಪಶುವೈದ್ಯರ ಸಲಹೆಯಂತೆ ಉಣ್ಣಿ ನಿವಾರಕ ಗುಳಿಗೆ ನುಂಗಿಸಿ, ಪ್ರತಿ ಬಾರಿ ವಾಹನ ಹತ್ತಿಸುವ ಮುನ್ನ ಕಿವಿಯೊಳಗು, ಕಂಕುಳು, ಬೆರಳ ಸಂದಿಗಳನ್ನು ತಡವಿ ನೋಡಿ. ಸಿಕ್ಕ ಉಣ್ಣಿಯನ್ನು ಉಗುರಿನಲ್ಲಿ ಹೊಸಕದೆ, ಚಿಮಟದಿಂದ ಚರ್ಮದ ಬಳಿಯೇ ಹಿಡಿದು ನೇರವಾಗಿ ಎಳೆಯಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುವೈದ್ಯ ಸೇವೆಯ ಸಹಾಯವಾಣಿ 1962. ಇವೆರಡನ್ನೂ ಕಾಗದದಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿ.

ಮನೆಗೆ ಮರಳಿದ ದಿನವೇ ನಾಯಿಗೆ ಸ್ನಾನ ಮಾಡಿಸಿ, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿ. ಮುಂದಿನ ಮೂರು ವಾರ ಅದು ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಉಣ್ಣಿಜ್ವರವಿರಬಹುದೆಂದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಾಡಿಗೆ ಹೋಗಿ ಬಂದದ್ದನ್ನು ನೀವಾಗಿಯೇ ಮೊದಲು ಹೇಳಿ. ಯಾವ ರಕ್ತಪರೀಕ್ಷೆ ಮಾಡಬೇಕೆಂದು ಅವರು ತೀರ್ಮಾನಿಸುವುದು ಅದರ ಮೇಲೆಯೇ.