ಕ್ಯಾಮೆರಾ ಬ್ಯಾಗ್ ಹೊತ್ತು ವಿಮಾನ ನಿಲ್ದಾಣದ ತಪಾಸಣೆ ದಾಟುವ ಬಗೆ

ಕ್ಯಾಮೆರಾ ಬ್ಯಾಗ್ ಎಕ್ಸ್-ರೇ ಯಂತ್ರದೊಳಗೆ ಹೋದರೆ ಬೆಲ್ಟ್ ನಿಲ್ಲುವುದು ಮಾಮೂಲು. ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಪರದೆ ನೋಡುತ್ತಿರುವವರು ಪಕ್ಕದವರನ್ನು ಕರೆಯುತ್ತಾರೆ. ಆಮೇಲೆ "ಈ ಬ್ಯಾಗ್ ಯಾರದು?" ಅಂತ ಕೂಗು ಬರುತ್ತದೆ. ಕೆಲಸಕ್ಕೆ ಡಿಜಿಟಲ್ ಕ್ಯಾಮೆರಾ, ಮನಸ್ಸಿನ ಖುಷಿಗೆ ಫಿಲ್ಮ್ ಕ್ಯಾಮೆರಾ ಅಂತ ಎರಡನ್ನೂ ಹೊತ್ತು ಓಡಾಡುವ ನನಗೆ ಈ ಕೂಗು ಹೊಸದಲ್ಲ. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಅರ್ಧ ಗಂಟೆಯ ರಗಳೆಯನ್ನು ಎರಡು ನಿಮಿಷಕ್ಕೆ ಇಳಿಸಬಹುದು. ಅದಕ್ಕೆ ಬ್ಯಾಗ್ ತುಂಬುವಾಗಲೇ, ಪರದೆ ಮುಂದೆ ಕೂತವರಿಗೆ ಇದು ಹೇಗೆ ಕಾಣುತ್ತದೆ ಅಂತ ಯೋಚಿಸಬೇಕು.

ಅವರಿಗೆ ಕಾಣುವುದು ಬಣ್ಣಗಳು. ಬಟ್ಟೆ, ಕಾಗದ, ಆಹಾರ, ಪ್ಲಾಸ್ಟಿಕ್ ಇವೆಲ್ಲ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಲೋಹ ನೀಲಿ. ಇವೆರಡರ ನಡುವಿನದು ಹಸಿರು. ಕಿರಣ ದಾಟಲಾರದಷ್ಟು ಗಟ್ಟಿ ಇರುವುದು ಕಪ್ಪು. 70-200 ಎಂಎಂ ಜೂಮ್ ಲೆನ್ಸಿನೊಳಗೆ ಇಪ್ಪತ್ತರ ಆಸುಪಾಸು ಗಾಜುಗಳಿರುತ್ತವೆ, ಸುತ್ತ ಲೋಹದ ಕೊಳವೆ. ಅದರ ಕೆಳಗೆ ಕ್ಯಾಮೆರಾ ಬಾಡಿ, ಅದರಡಿ ಲ್ಯಾಪ್‌ಟಾಪ್, ಸಂದಿಯಲ್ಲಿ ಸುತ್ತಿಟ್ಟ ಚಾರ್ಜರ್ ವೈರ್. ಮೇಲಿನಿಂದ ನೋಡಿದರೆ ಕಪ್ಪು ಮುದ್ದೆ, ಅದರೊಳಗಿಂದ ಹೊರಟ ವೈರು, ಪಕ್ಕದಲ್ಲಿ ಬ್ಯಾಟರಿ. ಇಂಥ ಚಿತ್ರ ಕಂಡಮೇಲೂ ಸುಮ್ನೆ ಬಿಟ್ಟರೆ ಅವರು ತಮ್ಮ ಕೆಲಸ ಮಾಡಿದ ಹಾಗಾಗುವುದಿಲ್ಲ, ಅಲ್ವಾ?

ಹಾಗಾಗಿ ಒಂದರ ಮೇಲೊಂದು ಪೇರಿಸಬೇಡಿ. ಲೆನ್ಸುಗಳನ್ನು ಅಕ್ಕಪಕ್ಕ ಒಂದೇ ಪದರದಲ್ಲಿ ಇಡಿ. ವೈರು, ಚಾರ್ಜರ್, ಕಾರ್ಡ್ ರೀಡರ್ ಇವೆಲ್ಲ ಒಂದು ಪಾರದರ್ಶಕ ಚೀಲಕ್ಕೆ. ಬ್ಯಾಟರಿಗಳು ಇನ್ನೊಂದಕ್ಕೆ. ಈ ಎರಡು ಚೀಲಗಳು ಬ್ಯಾಗಿನ ಬಾಯಿಯ ಹತ್ತಿರವೇ ಇರಲಿ. ಟ್ರೇ ಕೈಗೆ ಬಂದ ತಕ್ಷಣ ಅವನ್ನೂ ಲ್ಯಾಪ್‌ಟಾಪನ್ನೂ ಹೊರಗೆ ತೆಗೆದರೆ ಬ್ಯಾಗಿನಲ್ಲಿ ಉಳಿಯುವುದು ಬಾಡಿ, ಲೆನ್ಸು ಅಷ್ಟೇ. ಆಕಾರ ನೋಡಿದರೇ ಗೊತ್ತಾಗುತ್ತದೆ. ಹೊಸ ಸಿಟಿ ಸ್ಕ್ಯಾನರ್ ಇರುವ ಸಾಲುಗಳಲ್ಲಿ ಏನನ್ನೂ ಹೊರಗೆ ತೆಗೆಯಬೇಡಿ ಅನ್ನುತ್ತಾರೆ. ಅಲ್ಲಿ ಬ್ಯಾಗಿನ ಚಿತ್ರವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದು. ಅವರು ಹೇಳಿದಂತೆ ಮಾಡಿ.

ಟ್ರೇಗಳ ಸಾಲಿನಲ್ಲಿ ಕ್ಯಾಮೆರಾ ಬ್ಯಾಗ್ ಕೊನೆಗೆ ಹೋಗಲಿ. ಬೂಟು, ಬೆಲ್ಟು ಮೊದಲು. ಬ್ಯಾಗ್ ಯಂತ್ರದ ಬಾಯೊಳಗೆ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನೀವು ಲೋಹಶೋಧಕದ ಕಡೆ ಹೆಜ್ಜೆ ಇಡಿ. ಮೊದಲೇ ದಾಟಿಬಿಟ್ಟರೆ, ನಿಮ್ಮನ್ನು ಆ ಕಡೆ ತಡೆದು ನಿಲ್ಲಿಸಿದಾಗ ಬ್ಯಾಗು ಈ ಕಡೆ ಅನಾಥವಾಗಿ ಬಿದ್ದಿರುತ್ತದೆ.

ಬ್ಯಾಗ್ ತೆರೆಯಿರಿ ಅಂದಾಗ

ಮೊದಲು ಒಂದು ಸಣ್ಣ ಬಟ್ಟೆ ಪಟ್ಟಿಯಿಂದ ಬ್ಯಾಗಿನ ಹಿಡಿಕೆ, ಜಿಪ್ಪು, ಕ್ಯಾಮೆರಾ ಒರೆಸಿ ಯಂತ್ರಕ್ಕೆ ಹಾಕುತ್ತಾರೆ. ಸ್ಫೋಟಕದ ಕಣ ಇದೆಯೇ ಅಂತ ಅದು ಹುಡುಕುತ್ತದೆ. ಗ್ಲಿಸರಿನ್ ಇರುವ ಹ್ಯಾಂಡ್ ಕ್ರೀಮ್ ಹಚ್ಚಿಕೊಂಡ ಕೈಯಲ್ಲಿ ಬ್ಯಾಗ್ ಮುಟ್ಟಿದರೆ ಈ ಯಂತ್ರ ಸುಳ್ಳು ಎಚ್ಚರಿಕೆ ಕೊಡಬಹುದು. ಪಟಾಕಿ ಪ್ರದರ್ಶನದ ಫೋಟೋ ತೆಗೆದು ಬಂದ ಬ್ಯಾಗು, ರಸಗೊಬ್ಬರ ಚೆಲ್ಲಿದ ಹೊಲದಲ್ಲಿ ಇಟ್ಟಿದ್ದ ಟ್ರೈಪಾಡ್ ಕೂಡ ಅಷ್ಟೇ. ಹೊರಡುವ ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಡಿ.

ಆಮೇಲೆ ಕೈಯಲ್ಲಿ ಹಿಡಿದು ನೋಡುತ್ತಾರೆ. ಇಲ್ಲಿ ಮಾತು ಮುಖ್ಯ. ಒಂದು ಪ್ರಯಾಣದಲ್ಲಿ ತರುಣ ಅಧಿಕಾರಿಯೊಬ್ಬರು ನನ್ನ 85 ಎಂಎಂ ಲೆನ್ಸ್ ಎತ್ತಿಕೊಂಡು ಹಿಂಬದಿಯ ಮುಚ್ಚಳ ತಿರುಗಿಸತೊಡಗಿದರು. ಅವರ ಗ್ಲೌಸಿಗೆ ಯಾರದೋ ಬ್ಯಾಗಿನ ಬಿಳಿ ಪುಡಿ ಅಂಟಿತ್ತು. "ಸರ್, ಮುಚ್ಚಳ ನಾನೇ ತೆಗೆದು ತೋರಿಸಲಾ? ಗಾಜಿಗೆ ಕೈ ತಾಗಿದರೆ ಫೋಟೋ ಹಾಳಾಗುತ್ತೆ" ಅಂದೆ. ಅವರು ಲೆನ್ಸನ್ನು ಟ್ರೇಯಲ್ಲಿಟ್ಟು ನನ್ನ ಕಡೆ ತಳ್ಳಿದರು. ಎರಡೂ ಕಡೆಯ ಮುಚ್ಚಳ ತೆಗೆದು ಮೇಲಿನ ಟ್ಯೂಬ್‌ಲೈಟಿಗೆ ಹಿಡಿದೆ. ಅವರು ಬಗ್ಗಿ ನೋಡಿದರು, ಗಾಜಿನ ಆಚೆಯಿಂದ ಬೆಳಕು ಕಂಡಿತು. ಮುಗಿಯಿತು. ಮಿಕ್ಕ ಲೆನ್ಸುಗಳನ್ನು ತೆರೆಸಲೇ ಇಲ್ಲ.

"ಮುಟ್ಟಬೇಡಿ" ಅನ್ನುವುದಕ್ಕೂ "ನಾನೇ ತೋರಿಸಲಾ" ಅನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ಅವರು ಹೂಂ ಅನ್ನದೆ ಮಾತ್ರ ಮೇಜಿನ ಮೇಲೆ ಕೈ ಚಾಚಬೇಡಿ. ಎಷ್ಟೇ ಬೆಲೆಬಾಳುವ ಲೆನ್ಸಾದರೂ ಸರಿ, ಕಸಿದುಕೊಳ್ಳುವ ಹಾಗೆ ಕೈ ಹೋದರೆ ಅನುಮಾನ ಜಾಸ್ತಿಯಾಗುತ್ತದೆ. ಕ್ಯಾಮೆರಾದಲ್ಲಿ ಚಾರ್ಜ್ ಆದ ಬ್ಯಾಟರಿ ಇರಲೇಬೇಕು, ಯಾಕೆಂದರೆ ಆನ್ ಮಾಡಿ ತೋರಿಸಿ ಅನ್ನಬಹುದು. 2014ರ ಜುಲೈನಲ್ಲಿ ಅಮೆರಿಕವು, ಕೆಲವು ವಿದೇಶಿ ನಿಲ್ದಾಣಗಳಿಂದ ತನ್ನ ಕಡೆ ಬರುವ ವಿಮಾನಗಳಲ್ಲಿ ಆನ್ ಆಗದ ಸಾಧನಗಳನ್ನು ಹತ್ತಿಸಬಾರದು ಎಂದು ನಿಯಮ ಮಾಡಿತ್ತು. ಮೆಮೊರಿ ಕಾರ್ಡಿನ ಬಗ್ಗೆ ಕೇಳುವವರು ಬಹಳ ಜನ. ತಪಾಸಣೆಯ ಎಕ್ಸ್-ರೇಯಿಂದ ಕಾರ್ಡಿಗಾಗಲಿ ಸೆನ್ಸರ್‌ಗಾಗಲಿ ಏನೂ ಆಗುವುದಿಲ್ಲ, ನಿಶ್ಚಿಂತೆಯಾಗಿರಿ.

ಬ್ಯಾಟರಿ ಲೆಕ್ಕ

ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹೋಗಬಾರದು. ಪವರ್ ಬ್ಯಾಂಕ್ ಕೂಡ ಹೆಚ್ಚುವರಿ ಬ್ಯಾಟರಿ ಎಂದೇ ಲೆಕ್ಕ. ಕ್ಯಾಬಿನ್ನಿನಲ್ಲಿ ಹೊಗೆ ಎದ್ದರೆ ಯಾರಾದರೂ ನೋಡುತ್ತಾರೆ, ಆರಿಸುತ್ತಾರೆ. ಕೆಳಗೆ ಲಗೇಜಿನ ನಡುವೆ ಎದ್ದರೆ ಕೈ ಹೋಗುವುದಿಲ್ಲ.

ಮಿತಿ ಇರುವುದು ವ್ಯಾಟ್-ಅವರ್‌ನಲ್ಲಿ. 100ರವರೆಗೆ ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ ಹೆಚ್ಚುವರಿ ಬ್ಯಾಟರಿ. 160 ದಾಟಿದರೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವೇ ಇಲ್ಲ. ಬ್ಯಾಟರಿ ಮೇಲೆ ಮಿಲಿ ಆಂಪಿಯರ್-ಅವರ್ (mAh) ಮಾತ್ರ ಬರೆದಿದ್ದರೆ ಅದನ್ನು 1,000ದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿ. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2,280 ಮಿಲಿ ಆಂಪಿಯರ್-ಅವರ್. ಅಂದರೆ ಸುಮಾರು 16.4 ವ್ಯಾಟ್-ಅವರ್. 20,000 ಮಿಲಿ ಆಂಪಿಯರ್-ಅವರ್‌ನ ಪವರ್ ಬ್ಯಾಂಕ್ 3.7 ವೋಲ್ಟಿನ ಲೆಕ್ಕದಲ್ಲಿ 74. ಸ್ಟಿಲ್ ಕ್ಯಾಮೆರಾದವರಿಗೆ ಮಿತಿಯ ಚಿಂತೆ ಇಲ್ಲ. ವಿಡಿಯೊ ಮಾಡುವವರು ವಿ-ಮೌಂಟ್ ಅನ್ನುವ ದೊಡ್ಡ ಬ್ಯಾಟರಿ ಕೊಳ್ಳುವಾಗಲೇ 98 ಅಥವಾ 99ರದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅಚ್ಚಾದ ಅಂಕಿ ಅಳಿಸಿಹೋಗಿರುವ ಹಳೆಯ ಬ್ಯಾಟರಿಗಳನ್ನು ಒಯ್ಯಬೇಡಿ. ಓದಲಾಗದ್ದನ್ನು ತೆಗೆದಿಟ್ಟುಕೊಳ್ಳುವ ಅಧಿಕಾರ ಅವರಿಗಿದೆ.

ಪ್ರತಿ ಬ್ಯಾಟರಿಯ ಲೋಹದ ಬಿಂದುಗಳು ಮುಚ್ಚಿರಬೇಕು. ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಸಾಕು, ಅದು ಕಳೆದಿದ್ದರೆ ಟೇಪು. ಕೀಗೊಂಚಲಿನ ಜೊತೆ ಜೇಬಿನಲ್ಲಿ ಬಿಟ್ಟರೆ ಶಾರ್ಟ್ ಆಗಿ ಬಿಸಿಯಾಗುತ್ತದೆ.

ಪವರ್ ಬ್ಯಾಂಕ್ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಒಂದು ವಿಮಾನ ಹೊತ್ತಿ ಉರಿಯಿತು. ಮಾರ್ಚ್‌ನಿಂದ ಅಲ್ಲಿಯ ಸರ್ಕಾರ ಪವರ್ ಬ್ಯಾಂಕುಗಳನ್ನು ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ ಇಡಬಾರದು ಎಂದಿತು. ಅದೇ ವರ್ಷ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ 3ಸಿ ಗುರುತು (ಆ ದೇಶದ ಸುರಕ್ಷತಾ ಪ್ರಮಾಣದ ಗುರುತು) ಇಲ್ಲದ ಪವರ್ ಬ್ಯಾಂಕ್ ನಿಷಿದ್ಧ. ನೀವು ಹತ್ತುವ ವಿಮಾನ ಕಂಪನಿಯ ಪುಟವನ್ನು ಹೊರಡುವ ವಾರದಲ್ಲೇ ಮತ್ತೊಮ್ಮೆ ನೋಡಿ.

ಫಿಲ್ಮ್ ಇದ್ದರೆ

ನನಗೆ ತುಂಬ ಕಾಳಜಿ ಇರುವ ವಿಷಯ ಇದು. ಕಾರ್ಡು ಕಳೆದರೆ ಇನ್ನೊಂದು ಕಾರ್ಡಿನಲ್ಲಿ ಪ್ರತಿ ಇರಬಹುದು. ಡೆವಲಪ್ ಆಗದ ಫಿಲ್ಮಿಗೆ ಪ್ರತಿ ಇಲ್ಲ. 1895ರಲ್ಲಿ, ಎಕ್ಸ್-ರೇ ಕಂಡುಹಿಡಿದ ವಿಜ್ಞಾನಿ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಮೂಳೆಗಳನ್ನು ಫೋಟೋ ಪ್ಲೇಟಿನ ಮೇಲೆ ಮೂಡಿಸಿದ. ಆ ಪ್ಲೇಟಿನ ಮೇಲೆ ಎಕ್ಸ್-ರೇ ಮಾಡಿದ ಕೆಲಸವನ್ನೇ ತಪಾಸಣೆಯ ಯಂತ್ರ ನಿಮ್ಮ ರೋಲಿನ ಮೇಲೂ ಮಾಡುತ್ತದೆ. ನೆರಳಿನ ಭಾಗಗಳು ಹಾಲು ಬೆರೆಸಿದ ಹಾಗೆ ಮಂಕಾಗುತ್ತವೆ, ಗ್ರೇನ್ ಜಾಸ್ತಿಯಾಗುತ್ತದೆ, ಕೆಲವು ಸಲ ಅಲೆಯಂಥ ಪಟ್ಟಿಗಳು ಬೀಳುತ್ತವೆ. ಡೆವಲಪ್ ಆದ ನೆಗೆಟಿವ್‌ಗೆ ಮಾತ್ರ ಯಾವ ಭಯವೂ ಇಲ್ಲ.

ಚೆಕ್-ಇನ್ ಲಗೇಜಿನ ಯಂತ್ರಗಳ ಕಿರಣ ತುಂಬ ತೀಕ್ಷ್ಣ. ಫಿಲ್ಮ್ ಅಲ್ಲಿಗೆ ಹೋಗಲೇಬಾರದು. ಹ್ಯಾಂಡ್ ಲಗೇಜಿನ ಹಳೆಯ ಮಾದರಿ ಎಕ್ಸ್-ರೇಯಲ್ಲಿ ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 400ರ ಫಿಲ್ಮ್ ಒಂದೆರಡು ಸಲ ಹೋದರೆ ಚಿಂತೆಯಿಲ್ಲ. 800ಕ್ಕೂ ಅದಕ್ಕಿಂತ ಹೆಚ್ಚಿನದಕ್ಕೂ ಅದೂ ಬೇಡ. ಪ್ರತಿ ತಪಾಸಣೆಯ ಪರಿಣಾಮ ಹಿಂದಿನದರ ಮೇಲೆ ಕೂಡುತ್ತ ಹೋಗುತ್ತದೆ, ಹಾಗಾಗಿ ಎರಡು ಮೂರು ವಿಮಾನ ಬದಲಿಸುವವರು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಸಿಟಿ ಸ್ಕ್ಯಾನರ್ ವಿಷಯವೇ ಬೇರೆ. ಡೆವಲಪ್ ಆಗದ ಫಿಲ್ಮನ್ನು ಅದರೊಳಗೆ ಹಾಕಬೇಡಿ ಅಂತ ಕೊಡಕ್, ಇಲ್ಫೋರ್ಡ್ ಎರಡೂ ಕಂಪನಿಗಳು ಹೇಳುತ್ತವೆ. ಇನ್‌ಸ್ಟ್ಯಾಂಟ್ ಫಿಲ್ಮಿಗೂ ಇದೇ ಮಾತು.

ಕೈಯಲ್ಲಿ ತಪಾಸಣೆ ಮಾಡಿ ಅಂತ ಕೇಳಲು ಫಿಲ್ಮ್ ಮೊದಲೇ ಸಿದ್ಧವಾಗಿರಬೇಕು. ರಟ್ಟಿನ ಪೆಟ್ಟಿಗೆ ಬೇಡ, ಪ್ಲಾಸ್ಟಿಕ್ ಡಬ್ಬಿಯೂ ಬೇಡ. ಬರೀ ರೋಲುಗಳು, ಜಿಪ್ ಇರುವ ಪಾರದರ್ಶಕ ಚೀಲದಲ್ಲಿ. ಮೇಲೆ ಐಎಸ್‌ಒ 3200ರ ಒಂದು ರೋಲ್ ಎದ್ದು ಕಾಣುವಂತಿರಲಿ. ಇಲ್ಫೋರ್ಡ್ ಡೆಲ್ಟಾ 3200 ನಾನು ಬಳಸುವ ಫಿಲ್ಮೇ, ಚೀಲದಲ್ಲಿ ಅದಕ್ಕೆ ಮೊದಲ ಜಾಗ. ಟ್ರೇ ಇಡುವ ಮುಂಚೆಯೇ ಚೀಲ ಕೈಯಲ್ಲಿ ಹಿಡಿದು ಕೇಳಿ: "ಇದು ಇನ್ನೂ ಡೆವಲಪ್ ಆಗದ ಫಿಲ್ಮ್. ಸ್ಕ್ಯಾನರಿಗೆ ಹಾಕದೆ ಕೈಯಲ್ಲೇ ನೋಡಿ ಕೊಡ್ತೀರಾ?" ಹಿಂದೆ ಉದ್ದ ಸಾಲಿದ್ದಾಗ ಒಪ್ಪುವುದು ಕಷ್ಟ. ಬೇಗ ಹೋಗಿ. ಅಮೆರಿಕದ ನಿಲ್ದಾಣಗಳಲ್ಲಿ ಹೀಗೆ ಕೇಳಲು ಅವಕಾಶ ಇದೆ. ಬೇರೆ ಬಹಳ ಕಡೆ ಅದು ಅಲ್ಲಿರುವ ಅಧಿಕಾರಿಗೆ ಬಿಟ್ಟದ್ದು. ಒಪ್ಪದಿದ್ದರೆ ವಾದ ಬೇಡ, ಹಳೆಯ ಎಕ್ಸ್-ರೇ ಯಂತ್ರ ಇರುವ ಸಾಲು ಇದೆಯಾ ಅಂತ ಕೇಳಿ.

ಸೀಸದ ಚೀಲ ಕೊಳ್ಳುವ ಬಗ್ಗೆ ನನಗೆ ಒಲವಿಲ್ಲ. ಪರದೆಯಲ್ಲಿ ಅದು ಕಪ್ಪು ಚೌಕ. ಕಪ್ಪು ಚೌಕ ಕಂಡರೆ ಹೇಗೂ ತೆರೆಸುತ್ತಾರೆ, ಇಲ್ಲವೇ ಮತ್ತೆ ಯಂತ್ರಕ್ಕೆ ಹಾಕುತ್ತಾರೆ. ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲ್ ಇಟ್ಟುಕೊಂಡೂ ಹೋಗಬೇಡಿ. ಯಾರಾದರೂ ಹಿಂಬಾಗಿಲು ತೆರೆದರೆ ಬೆಳಕು ಬಿದ್ದುಹೋಯಿತು. ಹಿಂದಿನ ರಾತ್ರಿಯೇ ಮುಗಿಸಿ ಸುತ್ತಿಡಿ. ಹೋದ ಊರಲ್ಲೇ ಒಳ್ಳೆಯ ಲ್ಯಾಬ್ ಇದ್ದರೆ ಅಲ್ಲೇ ಡೆವಲಪ್ ಮಾಡಿಸಿಕೊಂಡು ಬರುವುದು ಎಲ್ಲಕ್ಕಿಂತ ಸುರಕ್ಷಿತ.

ಚಿಲ್ಲರೆ ಸಾಮಾನು

ಧೂಳು ಊದುವ ರಬ್ಬರ್ ಬ್ಲೋವರ್‌ಗಳಲ್ಲಿ ರಾಕೆಟ್ ಆಕಾರದ್ದೊಂದು ಇದೆ, ಕೆಳಗೆ ರೆಕ್ಕೆಗಳ ಸಮೇತ. ಅದನ್ನು ಬ್ಯಾಗಿನ ತಳದಲ್ಲಿ ಹುದುಗಿಸದೆ ಹೊರಜೇಬಿನಲ್ಲಿಡಿ, ಕೇಳಿದರೆ ಒತ್ತಿ ಗಾಳಿ ಬಿಟ್ಟು ತೋರಿಸಿ. ಒತ್ತಡದ ಗಾಳಿ ತುಂಬಿದ ಕ್ಯಾನ್ ಮನೆಯಲ್ಲೇ ಇರಲಿ. ಸೆನ್ಸರ್ ಒರೆಸುವ ಕೆಲವು ದ್ರವಗಳಲ್ಲಿ ಮೆಥನಾಲ್ ಇರುತ್ತದೆ, ಅದು ಹೊತ್ತಿಕೊಳ್ಳುವಂಥದ್ದು, ಅದೂ ಬೇಡ. ಲೆನ್ಸ್ ಒರೆಸುವ ದ್ರವಕ್ಕೆ 100 ಮಿಲಿ ಲೀಟರ್ ಮಿತಿ ಸಾಮಾನ್ಯ.

ಟ್ರೈಪಾಡ್ ಒಂದು ಕಡೆ ಬಿಡುತ್ತಾರೆ, ಇನ್ನೊಂದು ಕಡೆ ಬಡಿಗೆ ಅಂತ ತಡೆಯುತ್ತಾರೆ. ನಾನಂತೂ ಕ್ಯಾಮೆರಾ ಕೂರುವ ಅದರ ತಲೆಭಾಗ ಬಿಚ್ಚಿ ಕ್ಯಾಮೆರಾ ಬ್ಯಾಗಿನಲ್ಲಿಟ್ಟುಕೊಂಡು, ಕಾಲುಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಮಾಡುತ್ತೇನೆ. ಚೂಪು ಮೊಳೆಯ ಪಾದ, ಚಾಕು ಇರುವ ಮಲ್ಟಿಟೂಲ್ ಅದರ ಜೊತೆಗೇ ಹೋಗಬೇಕು. ಡ್ರೋನ್ ಇದ್ದರೆ ಹೋಗುವ ದೇಶದ ಕಾನೂನು ಮೊದಲು ನೋಡಿ. ಮೊರಾಕೊ, ಈಜಿಪ್ಟ್‌ಗಳಿಗೆ ಅನುಮತಿ ಇಲ್ಲದೆ ಒಯ್ಯುವಂತಿಲ್ಲ.

ಗೇಟಿನಲ್ಲಿ ಬ್ಯಾಗ್ ಕೇಳಿದರೆ

ತಪಾಸಣೆ ದಾಟಿದ ಮೇಲೂ ಒಂದು ಕಂಟಕ ಉಳಿದಿರುತ್ತದೆ. ಬಹಳ ಕಂಪನಿಗಳಲ್ಲಿ ಹ್ಯಾಂಡ್ ಲಗೇಜಿಗೆ 7 ಕಿಲೋ ಮಿತಿ. ಎರಡು ಬಾಡಿ, ಮೂರು ಲೆನ್ಸ್ ಅಂದರೆ ಅದು ದಾಟಿಯೇ ಹೋಗುತ್ತದೆ. ವಿಮಾನ ತುಂಬಿದ್ದರೆ ಗೇಟಿನಲ್ಲೇ ಬ್ಯಾಗ್ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಇದಕ್ಕಾಗಿ ದೊಡ್ಡ ಬ್ಯಾಗಿನೊಳಗೆ ಮಡಚುವ ಒಂದು ಬಟ್ಟೆ ಚೀಲ ಇಟ್ಟುಕೊಳ್ಳಿ. ಬ್ಯಾಟರಿ, ಫಿಲ್ಮ್, ಕಾರ್ಡು, ಒಂದು ಬಾಡಿ, ಒಂದು ಲೆನ್ಸ್ ಅದಕ್ಕೆ ಹಾಕಿ ಭುಜಕ್ಕೇರಿಸಿ. ಬ್ಯಾಟರಿ ಹೊರತೆಗೆಯುವುದು ನಿಯಮವೇ, ಹಾಗಾಗಿ ಅದಕ್ಕೆ ಸಮಯ ಕೊಡಿ ಅಂತ ಧೈರ್ಯವಾಗಿ ಕೇಳಬಹುದು. ಉಳಿದದ್ದರ ಫೋಟೋ ತೆಗೆದುಕೊಳ್ಳಿ. ಎಲ್ಲದರ ಸೀರಿಯಲ್ ನಂಬರ್ ಪಟ್ಟಿ ಫೋನಿನಲ್ಲಿರಲಿ. ಕಸ್ಟಮ್ಸ್‌ನವರು ಕೇಳಿದರೂ ಇದೇ ಕೆಲಸಕ್ಕೆ ಬರುತ್ತದೆ.

ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜಿಗೆ ಸಿಗುವ ಪರಿಹಾರದ ಮಿತಿ, 2024ರ ಡಿಸೆಂಬರ್ 28ರಿಂದ, ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಒಂದು ಒಳ್ಳೆಯ ಲೆನ್ಸಿನ ಬೆಲೆಗೇ ಅದು ಸಾಲದು. ಬೆಲೆಬಾಳುವ ಪೆಟ್ಟಿಗೆಯನ್ನು ಚೆಕ್-ಇನ್ ಮಾಡಲೇಬೇಕಾದರೆ ಕೌಂಟರಿನಲ್ಲಿ ವಿಶೇಷ ಘೋಷಣೆ ಮಾಡಿ, ಕೇಳಿದಷ್ಟು ಹೆಚ್ಚುವರಿ ಹಣ ಕಟ್ಟಿದರೆ ಈ ಮಿತಿ ಏರುತ್ತದೆ. ಬ್ಯಾಗ್ ಕೈಗೆ ಬಂದಾಗ ಬೆಲ್ಟಿನ ಪಕ್ಕದಲ್ಲೇ ತೆರೆದು ನೋಡಿ. ಏನಾದರೂ ಒಡೆದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ಕಂಪನಿಯ ಕೌಂಟರಿನಲ್ಲಿ ಬರೆದು ಕೊಟ್ಟು ಪ್ರತಿ ಪಡೆಯಿರಿ. ಕಾನೂನಿನ ಗಡುವು 7 ದಿನ.